ಮರಗಳಿಗೆ ಹೆಸರು ಬರೆದವರು

ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಹನ್ನೆರಡು ದಿನ ತಡವಾಗಿ. ಅದೂ ಯಾರೂ ಹೇಳಿ ಕಳಿಸಿದ್ದಲ್ಲ. ಮಂಡಿನೋವಿಗೆ ದಿನಾ ಒಂದಿಷ್ಟು ನಡೆಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಚಾಮರಾಜನಗರದ ಹೊರಗಿರುವ ನಮ್ಮ ಸಸ್ಯೋದ್ಯಾನಕ್ಕೆ ಹೋಗಿದ್ದೆ. ‘ನಮ್ಮ’ ಅನ್ನುವುದು ಹಳೇ ಅಭ್ಯಾಸ. ಹದಿನೈದು ವರ್ಷ ಅಲ್ಲಿ ಕೆಲಸ ಮಾಡಿ ನಿವೃತ್ತಳಾಗಿ ಮೂರು ವರ್ಷವಾಯಿತು. ಈಗ ನಾನೂ ಟಿಕೆಟ್ ಕೊಂಡೇ ಒಳಗೆ ಹೋಗುವವಳು. ಗೇಟಿನ ಹತ್ತಿರ ಎಲೆ ಗುಡಿಸುತ್ತಿದ್ದ ಮಾದಮ್ಮ ಪೊರಕೆ ನಿಲ್ಲಿಸಿ, “ಮೇಡಮ್ಮೋರೆ, ನಮ್ ಪೇಂಟ್ರು ಸಾಹೇಬ್ರು ಓಗ್ಬುಟ್ರಂತಲ್ಲ” ಅಂದಳು.

“ಎಲ್ಲಿಗೆ?” ಅಂತ ಕೇಳಿದೆ. ನಿಜವಾಗಿಯೂ ಹಾಗೇ ಕೇಳಿದೆ.

ಮಾದಮ್ಮ ನನ್ನ ಮುಖ ನೋಡಿ ಮತ್ತೆ ಗುಡಿಸತೊಡಗಿದಳು. ಆಗ ತಿಳಿಯಿತು. ನಡೆಯುವುದಕ್ಕೆ ಬಂದವಳು ಮೊದಲು ಸಿಕ್ಕಿದ ಬೆಂಚಿನ ಮೇಲೆ ಕೂತೆ. ದುಃಖ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬಂದದ್ದು ಸುಸ್ತು. ಮಾಡಬೇಕು ಮಾಡಬೇಕು ಅಂದುಕೊಂಡು ಮುಂದಕ್ಕೆ ಹಾಕಿದ ಕೆಲಸವೊಂದು ಇನ್ನು ಮಾಡುವ ಹಾಗೇ ಇಲ್ಲ ಅಂತಾದಾಗ ಬರುವ ಸುಸ್ತು.

ಉದ್ಯಾನ ಹೊಸದಾಗಿ ಆದಾಗ ಮರಗಳಿಗೆ ಹೆಸರಿನ ಫಲಕ ಬರೆಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ನಾನು ಅಲ್ಲಿ ಸಹಾಯಕ ಅಧಿಕಾರಿ. ಗುಂಡ್ಲುಪೇಟೆಯಲ್ಲಿ ಒಬ್ಬರು ಪೇಂಟರ್ ಇದ್ದಾರೆ, ಅವರ ಕನ್ನಡ ಅಕ್ಷರ ನೋಡಿದರೆ ಮುತ್ತು ಪೋಣಿಸಿದ ಹಾಗಿರುತ್ತದೆ ಎಂದು ಯಾರೋ ಹೇಳಿ ಕರೆಸಿದರು. ಅವರು ಬಸ್ಸಿನಲ್ಲಿ ಬಂದಿಳಿದರು. ಎತ್ತರದ ಸಣಕಲು ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೋಪಿ, ಕೈಯಲ್ಲಿ ಪೇಂಟ್ ಡಬ್ಬಿಗಳ ಚೀಲ. ಈ ಬಿಳಿ ಅಂಗಿಯಲ್ಲಿ ಏನು ಕೆಲಸ ಮಾಡುತ್ತಾರೆ ಅಂತ ನನಗೆ ನಗು ಬಂದಿತ್ತು. ಅವರು ಅಂಗಿಯ ಮೇಲೆ ಒಂದು ಹಳೇ ಲುಂಗಿಯನ್ನು ಕತ್ತಿಗೆ ಕಟ್ಟಿಕೊಂಡು ಕೂತರು. ಸಂಜೆ ಎದ್ದಾಗ ಅಂಗಿಯ ಮೇಲೆ ಒಂದು ಚುಕ್ಕೆ ಇರಲಿಲ್ಲ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ನಾನು ಆ ಚುಕ್ಕೆ ಕಾಣಲಿಲ್ಲ.

ಓದಿದ್ದು ನಾಲ್ಕನೇ ಕ್ಲಾಸು. ಮನೆಮಾತು ಉರ್ದು. ಆದರೆ ಗುಂಡ್ಲುಪೇಟೆ ಮೂರು ರಾಜ್ಯದ ಲಾರಿಗಳು ನಿಲ್ಲುವ ಊರಾದ್ದರಿಂದ ಅಲ್ಲಿಯ ಹೋಟೆಲು, ಗ್ಯಾರೇಜುಗಳಿಗೆ ಕನ್ನಡ, ತಮಿಳು, ಮಲಯಾಳ ಎಲ್ಲದರಲ್ಲೂ ಬೋರ್ಡು ಬರೆಯುತ್ತಿದ್ದರು. “ತಮಿಳು ಮಲಯಾಳ ಓದಕ್ಕೆ ಬತ್ತದಾ ಸಾಹೇಬ್ರೆ?” ಅಂತ ಒಮ್ಮೆ ಕೇಳಿದೆ.

“ಓದಕ್ ಬರಲ್ಲ ಮೇಡಮ್ಮೋರೆ, ಬರಿಯಕ್ ಬತ್ತದೆ” ಅಂದರು. “ಕನ್ನಡ ದುಂಡಕ್ ಕೂತ್ಕತದೆ. ಉರ್ದು ಓಡ್ತದೆ. ಮಲಯಾಳ ಸುತ್ಕತದೆ. ಅವ್ರವ್ರ ನಡಿಗೆ ಕಲ್ತ್ರೆ ಆಯ್ತು.”

ಉದ್ದನೆಯ ಗೆರೆ ಎಳೆಯುವಾಗ ಉಸಿರು ಕಟ್ಟುತ್ತಿದ್ದರು. ಆಗ ಯಾರಾದರೂ ಮಾತಾಡಿಸಿದರೆ ಕೈ ಎತ್ತಿ ತಡೆಯುತ್ತಿದ್ದರು, ಮೇಲಧಿಕಾರಿಯಾದರೂ ಸರಿಯೇ. ಗೆರೆ ಮುಗಿದ ಮೇಲೆ ಉಸಿರು ಬಿಟ್ಟು, “ಏಳಿ ಸಾರ್” ಅನ್ನುತ್ತಿದ್ದರು. ಎದ್ದು ನಿಲ್ಲಬೇಕೋ ಮಾತು ಹೇಳಬೇಕೋ ತಿಳಿಯದೆ ಹೊಸಬರು ಗಲಿಬಿಲಿಯಾಗುತ್ತಿದ್ದದ್ದು ನೋಡಿ ಮಾದಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು.

ಮರಗಳ ವೈಜ್ಞಾನಿಕ ಹೆಸರು ಬರೆಯುವುದು ಮಾತ್ರ ಅವರಿಗೆ ಬಹಳ ಕಷ್ಟವಾಗಿತ್ತು. ಒಂದೊಂದು ಹೆಸರೂ ಫಲಕದಿಂದ ಆಚೆ ಹೋಗುವಷ್ಟು ಉದ್ದ. ದಾರ ಹಿಡಿದು ಅಳತೆ ಮಾಡಿ, ಅಕ್ಷರ ಎಣಿಸಿ, ಮತ್ತೆ ಅಳೆದು ಬರೆಯುತ್ತಿದ್ದರು.

“ಇದು ಇಂಗ್ಲಿಷಲ್ವಲ್ಲ ಮೇಡಮ್ಮೋರೆ. ಯಾವ ಭಾಷೆ?”

“ಲ್ಯಾಟಿನ್ ಅಂತ. ಈಗ ಅದನ್ನ ಯಾರೂ ಮಾತಾಡಲ್ಲ ಸಾಹೇಬ್ರೆ. ಸತ್ತುಹೋದ ಭಾಷೆ.”

ಅವರು ಬ್ರಷ್ಷು ಎತ್ತಿ ಹಿಡಿದು ಮರದ ಕಡೆ ನೋಡಿದರು. “ಬದ್ಕಿರೋ ಮರುಕ್ಕೆ ಸತ್ತೋದ ಭಾಷೇಲಿ ಹೆಸ್ರಾ? ಪಾಪ” ಅಂದು ಮತ್ತೆ ಬರೆಯತೊಡಗಿದರು.

ಅವರ ಸ್ವಭಾವ ನನಗೆ ಸರಿಯಾಗಿ ಗೊತ್ತಾದದ್ದು ಒಂದು ಮತ್ತಿ ಮರದಿಂದ. ನಾನು ಆಫೀಸಿನಲ್ಲಿ ಕೂತು ಹಳೇ ಪಟ್ಟಿ ನೋಡಿ ಬರೆದುಕೊಟ್ಟಿದ್ದೆ: ಕರಿಮತ್ತಿ. ಮಧ್ಯಾಹ್ನ ಅವರು ಬಾಗಿಲ ಬಳಿ ಬಂದು ನಿಂತರು. “ಮೇಡಮ್ಮೋರೆ, ಮಾದಮ್ಮ ಇದನ್ನ ಹೊಳೆಮತ್ತಿ ಅಂತಾಳೆ.” ಮಾದಮ್ಮ ಪುಣಜನೂರಿನವಳು, ಕಾಡಂಚಿನಲ್ಲಿ ಬೆಳೆದವಳು. ಆದರೆ ಡಿಗ್ರಿ ಮಾಡಿದವಳು ನಾನು. “ಪಟ್ಟಿಯಲ್ಲಿ ಏನಿದೆಯೋ ಅದು ಬರೀರಿ” ಅಂದೆ. ಸ್ವಲ್ಪ ಗಡುಸಾಗಿಯೇ ಅಂದೆ.

ಸರಿ ಅಂದು ಹೋದರು. ಮಾರನೆಯ ದಿನ ನೋಡಿದರೆ ಆ ಫಲಕಕ್ಕೆ ಹಸಿರು ಬಣ್ಣ ಬಳಿದು ಅಂಚು ಕಟ್ಟಿದ್ದಾರೆ, ಹೆಸರಿಲ್ಲ. “ಬಿಳಿ ಪೇಂಟು ಮುಗ್ದೋಯ್ತು” ಅಂದರು. ಅದರ ಮರುದಿನವೂ ಬಿಳಿ ಪೇಂಟು ಮುಗಿದಿತ್ತು. ಪಕ್ಕದ ಹೊಂಗೆ, ಬೇವು, ಬಿಲ್ವಗಳಿಗೆ ಮಾತ್ರ ಬಿಳಿ ಅಕ್ಷರ ಬಿದ್ದಿತ್ತು. ಮೂರನೆಯ ದಿನ ನಾನೇ ಎದ್ದು ಹೋಗಿ ಮರ ನೋಡಿದೆ. ಕರಿಮತ್ತಿಯ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಒರಟಾಗಿ ಕಪ್ಪಗಿರುತ್ತದೆ. ಇದು ನುಣುಪಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಕಣ್ಣಿದ್ದವರಿಗೆ ಪಟ್ಟಿ ಬೇಕಿರಲಿಲ್ಲ.

“ಹೊಳೆಮತ್ತಿ ಅಂತ ಬರೀರಿ ಸಾಹೇಬ್ರೆ” ಅಂದೆ.

“ಪೇಂಟು ಈಗ್ ತಾನೇ ಬಂತು ಮೇಡಮ್ಮೋರೆ” ಅಂದರು. ನಗಲಿಲ್ಲ. ನನ್ನ ಮರ್ಯಾದೆ ಉಳಿಸುವುದಕ್ಕೆ ನಗಲಿಲ್ಲ ಅನ್ನುವುದು ನನಗೆ ಗೊತ್ತಾಯಿತು.

ಅವರಿಗೆ ಒಂದು ನಿಯಮವಿತ್ತು. ಒಬ್ಬರನ್ನೊಬ್ಬರು ಕಾಣದ ಮೂರು ಊರಿನ ಮೂರು ಜನ ಒಂದೇ ಹೆಸರು ಹೇಳಿದರೆ ಅದು ನಿಜವಾದ ಹೆಸರು. ಹಾಗಾಗಿ ಬೋರ್ಡು ಬರೆಯುತ್ತ ಬರೆಯುತ್ತ ಬಂದವರನ್ನೆಲ್ಲ ಕೇಳುತ್ತಿದ್ದರು. ಪಿಕ್ನಿಕ್‌ಗೆ ಬಂದ ಸಂಸಾರಗಳನ್ನು, ಬೀಡಿ ಸೇದಲು ಮರೆಗೆ ಬಂದ ಮುದುಕರನ್ನು, ಸೌದೆಗೆ ಬೇಲಿ ಹತ್ತಿರ ಬಂದ ಹೆಂಗಸರನ್ನು. ಕೇಳಿದ್ದನ್ನು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಅದರಲ್ಲಿ ಕನ್ನಡವೂ ಇತ್ತು, ಉರ್ದುವೂ ಇತ್ತು, ಎಲೆಗಳ ಚಿತ್ರವೂ ಇತ್ತು.

ಮರದ ಹೆಸರು ಕೇಳಲು ಹೋಗಿಯೇ ಅವರಿಗೆ ಆ ಜಾಗದ ಕತೆ ಸಿಕ್ಕಿದ್ದು.

ಉದ್ಯಾನದ ಹಿಂಭಾಗದ ಮೂಲೆಯಲ್ಲಿ ಒಂದಷ್ಟು ದೊಡ್ಡ ಮರಗಳಿದ್ದವು. ಹಿಪ್ಪೆ, ಹುಣಸೆ, ಹೊಂಗೆ. ಅವು ಇಲಾಖೆ ನೆಟ್ಟವಲ್ಲ. ಉದ್ಯಾನಕ್ಕಿಂತ ಎಷ್ಟೋ ಹಳೆಯವು. ಅವುಗಳ ನಡುವೆ ಅರ್ಧ ಹೂತುಹೋದ ಒಂದು ಕಲ್ಲಿನ ಬಾನಿ, ಪಕ್ಕದಲ್ಲಿ ಮುಚ್ಚಿಹೋದ ಬಾವಿ. ನಾವು ಯಾರೂ ಅದರ ಬಗ್ಗೆ ಕೇಳಿದವರಲ್ಲ. ಉದ್ಯಾನದ ಇತಿಹಾಸ ಅಂತ ಪ್ರವೇಶದ್ವಾರದಲ್ಲಿ ಕಲ್ಲಿನ ಮೇಲೆ ಕೆತ್ತಿಸುವುದಕ್ಕೆ ಒಂದು ಬರಹ ಬೇಕಾದಾಗ ನಾನೇ ಬರೆದುಕೊಟ್ಟಿದ್ದೆ: ‘ಬರಡಾಗಿ ಪಾಳುಬಿದ್ದಿದ್ದ ಈ ಜಾಗವನ್ನು ಇಲಾಖೆಯು ಹಸಿರಾಗಿಸಿತು.’ ಅರ್ಧ ಗಂಟೆಯಲ್ಲಿ ಬರೆದದ್ದು. ಎಲ್ಲರೂ ಚೆನ್ನಾಗಿದೆ ಅಂದಿದ್ದರು.

ಒಂದು ದಿನ ಊಟದ ಹೊತ್ತಿನಲ್ಲಿ ಅವರು ನೋಟ್‌ಬುಕ್ ಹಿಡಿದು ಬಂದರು. “ಮೇಡಮ್ಮೋರೆ, ಆ ಹಿಪ್ಪೆ ಮರುಕ್ಕೆ ಮಾದಮ್ಮನ ಅತ್ತೆ ಒಂದ್ ಹೆಸ್ರು ಏಳುದ್ರಂತೆ. ಚಿಕ್ಕತಾಯಮ್ಮನ ಮರ ಅಂತ. ಬೇಗೂರ್ನಲ್ಲಿ ಒಬ್ರು ಮುದುಕ್ರವ್ರೆ, ಚಿಕ್ಕಂದ್ನಲ್ಲಿ ಅವ್ರಪ್ಪನ್ ಜೊತೆ ಗಾಡಿ ಹೊಡ್ಕಂಡ್ ಬತ್ತಿದ್ರಂತೆ. ಅವ್ರೂ ಅದೇ ಹೆಸ್ರು ಏಳುದ್ರು.”

ಬಸ್ಸು ಲಾರಿ ಬರುವ ಮುಂಚೆ ಘಾಟಿ ಹತ್ತಿ ಪುಣಜನೂರಿನ ಮೇಲೆ ಪೇಟೆಗೆ ಬರುವ ಎತ್ತಿನಗಾಡಿಗಳು ಆ ಜಾಗದಲ್ಲಿ ನಿಲ್ಲುತ್ತಿದ್ದವಂತೆ. ಅಲ್ಲಿ ಚಿಕ್ಕತಾಯಮ್ಮ ಎನ್ನುವ ಒಂಟಿ ಹೆಂಗಸು ಗುಡಿಸಲು ಹಾಕಿಕೊಂಡಿದ್ದಳಂತೆ. ಬಾವಿಯಿಂದ ನೀರು ಸೇದಿ ಬಾನಿ ತುಂಬಿಸುವುದು ಅವಳ ಕೆಲಸ. ಯಾರೂ ಹೇಳಿ ಇಟ್ಟ ಕೆಲಸವಲ್ಲ. ಎತ್ತುಗಳು ಘಾಟಿ ಹತ್ತಿ ಬಾಯಲ್ಲಿ ನೊರೆ ಸುರಿಸಿಕೊಂಡು ಬರುವುದು ನೋಡಲಾರದೆ ಶುರು ಮಾಡಿದ್ದು. ನೆರಳಿಗೆಂದು ಸಸಿ ನೆಟ್ಟಳು. ಬಾನಿ ತುಂಬಿಸಿದ ಮೇಲೆ ಸಸಿಗೊಂದು ಕೊಡ. ಹೀಗೆ ಎಷ್ಟು ವರ್ಷವೋ.

“ಮೂರ್ನೇಯೋರು ಒಬ್ರು ಬೇಕು” ಅಂದರು. “ನೀವು ಹರವೆಯೋರಲ್ವಾ? ನಿಮ್ಮನೇಲಿ ಹಳಬ್ರು ಯಾರಾರ ಇದ್ದಾರಾ?”

ನಮ್ಮ ಸೋದರತ್ತೆ ಇದ್ದರು, ತಂದೆಯ ಅಕ್ಕ. ಎಂಬತ್ತು ದಾಟಿತ್ತು. ಒಂದು ಭಾನುವಾರ ಸಾಹೇಬರನ್ನು ಹರವೆಗೆ ಕರೆದುಕೊಂಡು ಹೋದೆ. ಅತ್ತೆ ಜಗಲಿಯ ಮೇಲೆ ಹುಚ್ಚೆಳ್ಳು ಕೇರುತ್ತಿದ್ದರು. ಹಣೆಯಲ್ಲಿ ವಿಭೂತಿ, ಕತ್ತಿನಲ್ಲಿ ಲಿಂಗದ ಕರಡಿಗೆ, ಕಿವಿ ಮಾತ್ರ ಚುರುಕು. ಮಜ್ಜಿಗೆ ತಂದರು. ನನಗೆ ಸ್ಟೀಲ್ ಲೋಟದಲ್ಲಿ, ಸಾಹೇಬರಿಗೆ ಪೇಪರ್ ಲೋಟದಲ್ಲಿ. ಅವರು ಗಮನಿಸಿದರೋ ಇಲ್ಲವೋ ಗೊತ್ತಿಲ್ಲ. ನಾನು ಗಮನಿಸಿದೆ, ಸುಮ್ಮನೆ ಕುಡಿದೆ. ಆಮೇಲೆ, ಉದ್ಯಾನ ಆಗುವ ಮುಂಚೆ ಪಾಳುಬಿದ್ದಿತ್ತಲ್ಲ, ಗಾಡಿಗಳು ನಿಲ್ಲುತ್ತಿದ್ದ ಆ ಜಾಗ ಗೊತ್ತಾ ಅಂತ ಕೇಳಿದೆ.

“ಗಾಡಿ ನಿಲ್ತಿದ್ ತೋಪಾ?” ಅಂದರು ಅತ್ತೆ, ಮೊರ ಕೆಳಗಿಟ್ಟು. “ಚಿಕ್ಕತಾಯಮ್ಮನ್ ತೋಪು ಕಣಮ್ಮಿ ಅದು. ಪಾಳು ಅಂದೋರ್ಯಾರು?”

ಅಂದವಳು ನಾನೇ ಅಂತ ಹೇಳಲಿಲ್ಲ.

“ನಮ್ ಗಾಡೀನೂ ಅಲ್ಲೇ ನಿಲ್ತಿತ್ತು. ಪೇಟೆಯಿಂದ ಆಚ್ಗೆ ಕಡ್ಲೆಕಾಯ್ ಏರ್ಕಂಡು ಓಗ್ತಿದ್ರು ನಮ್ಮಪ್ಪ. ನಾನೂ ಓಗ್ತಿದ್ದಿ, ಏಳೆಂಟ್ ವರ್ಷ ಇರ್ಬೋದು. ಎತ್ತ್ಗೊಳ್ಗೆ ಅವ್ಳ್ ಬಾನೀಲೇ ನೀರ್ ಕುಡಿಸ್ತಿದ್ರು. ತಾವ್ ಕುಡೀತಿರ್ನಿಲ್ಲ. ಅವ್ಳು ಊರಾಚೆ ಕೇರಿಯೋಳು ಕಣಮ್ಮಿ. ನಂಗೂ ಕೊಡ್ತಿರ್ನಿಲ್ಲ. ಬಾಯಾರಿ ಅಳ್ತಿದ್ದಿ ನಾನು. ಅವ್ಳು ಕೊಡ ಇಡ್ಕಂಡು ದೂರ್ದಲ್ ನಿಂತ್ಕಂಡು ನನ್ನೇ ನೋಡ್ತಿದ್ಲು.”

ಅಷ್ಟು ಹೇಳಿ ಅತ್ತೆ ಮತ್ತೆ ಮೊರ ಎತ್ತಿಕೊಂಡರು. ಅವರ ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಜಂಬವೂ ಇರಲಿಲ್ಲ. ಹಿಂದೆ ರಾಗಿ ಎಷ್ಟು ಬೆಳೆಯುತ್ತಿತ್ತು ಅಂತ ಹೇಳಿದ ಹಾಗೆ ಹೇಳಿದ್ದರು. ಸಾಹೇಬರು ನೋಟ್‌ಬುಕ್ಕಿನಲ್ಲಿ ಹೆಸರು ಮಾತ್ರ ಬರೆದುಕೊಂಡು ಮುಚ್ಚಿದರು. ವಾಪಸು ಬಸ್ಸಿನಲ್ಲಿ ನಾನು ಏನಾದರೂ ಮಾತಾಡಬೇಕು ಅಂತ, “ಆಗಿನ ಕಾಲ ಹಾಗಿತ್ತು ಸಾಹೇಬ್ರೆ” ಅಂದೆ. ಅವರು ಕಿಟಕಿಯ ಆಚೆ ನೋಡುತ್ತ, “ಎತ್ತಾದ್ರೂ ಕುಡುದ್ವಲ್ಲ ಬುಡಿ” ಅಂದರು.

ವಾರದೊಳಗೆ ಆ ಹಿಪ್ಪೆ ಮರದ ಬುಡದಲ್ಲಿ ಒಂದು ಫಲಕ ಬಂತು. ತಗಡು ಅವರದೇ, ಬಣ್ಣವೂ ಅವರದೇ. ‘ಈ ತೋಪನ್ನು ನೆಟ್ಟು ಬೆಳೆಸಿದವರು ಚಿಕ್ಕತಾಯಮ್ಮ. ಘಾಟಿ ಹತ್ತಿ ಬಂದ ಎತ್ತುಗಳಿಗೆ ನೀರು ಕೊಟ್ಟವರು.’ ಉದ್ಯಾನದಲ್ಲಿ ಅವರು ಬರೆದ ಎಲ್ಲ ಅಕ್ಷರಗಳಿಗಿಂತ ಚೆಂದದ ಅಕ್ಷರ. ಬರೆಯುವ ಮುಂಚೆ ನನ್ನನ್ನು ಕೇಳಿದ್ದರು. “ಬರೀಲಾ ಮೇಡಮ್ಮೋರೆ?” ನಾನು ಬೇಡ ಅನ್ನಲಿಲ್ಲ. ಬರೀರಿ ಅಂತ ಬಾಯಿಬಿಟ್ಟೂ ಹೇಳಲಿಲ್ಲ. ತಲೆ ಆಡಿಸಿದೆ. ತಲೆ ಆಡಿಸುವುದರಲ್ಲಿ ಒಂದು ಅನುಕೂಲವಿದೆ. ಮುಂದೆ ಬೇಕಾದರೆ ಇಲ್ಲ ಅನ್ನಬಹುದು.

ಆ ಅನುಕೂಲ ಎರಡೇ ತಿಂಗಳಲ್ಲಿ ಕೆಲಸಕ್ಕೆ ಬಂತು. ದ್ವಾರದ ಕಲ್ಲಿನ ಫಲಕ ಸಿದ್ಧವಾಗಿ, ಅದರ ಅನಾವರಣಕ್ಕೆ ಗಣ್ಯರು ಬರುವವರಿದ್ದರು. ಹಿಂದಿನ ದಿನ ಮೇಲಧಿಕಾರಿ ತಪಾಸಣೆಗೆ ಬಂದರು. ತೋಪಿನ ಹತ್ತಿರ ಬಂದವರು ನಿಂತರು. ಫಲಕವನ್ನು ಎರಡು ಸಲ ಓದಿದರು.

“ಇದೇನ್ರೀ? ಗೇಟಲ್ಲಿ ಪಾಳು ಜಾಗ ಅಂತ ಕಲ್ಲಲ್ಲಿ ಕೆತ್ತಿದೀರಿ, ಇಲ್ಲಿ ತೋಪು ಇತ್ತು ಅಂತ ಬರೆಸಿದೀರಿ. ಯಾರು ಈಕೆ? ದಾಖಲೆ ಎಲ್ಲಿದೆ?”

ದಾಖಲೆ ಇರಲಿಲ್ಲ. ಮೂರು ಊರಿನ ಮೂರು ಜನ ಇದ್ದರು. ಅವರಲ್ಲಿ ಒಬ್ಬರು ನನ್ನ ಮನೆಯವರೇ. ಅದನ್ನು ಹೇಳಬಹುದಿತ್ತು. ಹತ್ತು ಹೆಜ್ಜೆ ಆಚೆ ಸಾಹೇಬರು ಒಂದು ನೇರಳೆ ಮರಕ್ಕೆ ಏಣಿ ಹಾಕಿಕೊಂಡು ಫಲಕ ಬಿಗಿಯುತ್ತಿದ್ದರು. ಅಧಿಕಾರಿಯ ಹಿಂದೆ ನಾಲ್ಕು ಜನ ನಿಂತಿದ್ದರು. ಆ ವರ್ಷ ನನ್ನ ಬಡ್ತಿಯ ಕಡತ ಅದೇ ಅಧಿಕಾರಿಯ ಮೇಜಿನ ಮೇಲಿತ್ತು.

“ನನಗೆ ಗೊತ್ತಿಲ್ಲ ಸಾರ್. ಪೇಂಟರ್ ತಮ್ಮಷ್ಟಕ್ಕೆ ತಾವೇ ಬರೆದುಬಿಟ್ಟಿದ್ದಾರೆ” ಅಂದೆ.

ಅವರನ್ನು ಕರೆದರು. ಏಣಿಯಿಂದ ನಿಧಾನವಾಗಿ ಇಳಿದರು. ಕತ್ತಿನ ಲುಂಗಿ ಬಿಚ್ಚಿ ಕೈ ಒರೆಸಿಕೊಂಡು ಬಂದು ನಿಂತರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾಗುತ್ತಿತ್ತೋ.

“ಹೌದು ಸಾರ್, ನಾನೇ ಬರ್ದಿದ್ದು. ಮೇಡಮ್ಮೋರ್ಗೆ ಗೊತ್ತಿಲ್ಲ.”

“ಯಾರು ಹೇಳಿದ್ರು ನಿಮಗೆ ಈ ಕತೆ?”

“ಜನ ಏಳುದ್ರು ಸಾರ್.”

“ಜನ ಸಾವಿರ ಹೇಳ್ತಾರ್ರೀ. ನಾಳೆ ಇನ್ನೊಬ್ಬರು ಬಂದು ನಮ್ಮಜ್ಜಿ ನೆಟ್ಟದ್ದು ಅಂತಾರೆ. ತೆಗೀರಿ ಇದನ್ನ.”

ತೆಗೆದವರು ಅವರೇ. ಇನ್ನೊಬ್ಬರ ಕೈಗೆ ಕೊಡಲಿಲ್ಲ. ಮೊಳೆಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡರು. ತಗಡನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಹೋದರು. ಮಾರನೆಯ ದಿನದಿಂದ ಅವರಿಗೆ ಕೆಲಸ ಇರಲಿಲ್ಲ. ಉಳಿದ ಫಲಕಗಳನ್ನು ಪ್ರಿಂಟ್ ಹಾಕಿಸಿದೆವು. ಅದರಲ್ಲಿ ಕರಿಮತ್ತಿಯೂ ಹೊಳೆಮತ್ತಿಯೂ ಅದಲುಬದಲಾದವು, ಯಾರೂ ನೋಡಲಿಲ್ಲ. ನನಗೆ ಬಡ್ತಿ ಬಂತು.

ನಾಲ್ಕೈದು ತಿಂಗಳಾದ ಮೇಲೆ ಒಂದು ಭಾನುವಾರ ಅವರು ಉದ್ಯಾನದಲ್ಲಿ ಎದುರಾದರು. ಅದೇ ಬಿಳಿ ಅಂಗಿ. ಜೊತೆಗೆ ನೆಂಟರ ಒಂದು ಗುಂಪು, ಬುರ್ಖಾದ ಹೆಂಗಸರು, ಮಕ್ಕಳು, ಬಿರಿಯಾನಿಯ ಡಬ್ಬಿ. ನನಗೆ ಬೇರೆ ದಾರಿ ಹಿಡಿಯಬೇಕು ಅನ್ನಿಸಿತು. ಅಷ್ಟರಲ್ಲಿ ಅವರೇ, “ಸಲಾಂ ಮೇಡಮ್ಮೋರೆ. ಟಿಕೆಟ್ ತಕ್ಕಂಡೇ ಬಂದಿವ್ನಿ” ಅಂದು ಟಿಕೆಟ್ಟು ತೋರಿಸಿದರು. ತಮಾಷೆಗೆ ಅಂದದ್ದು. ನಾನೂ ನಕ್ಕೆ. ಕ್ಷಮೆ ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. “ಚೆನ್ನಾಗಿದೀರಾ?” ಅಂತ ಮಾತ್ರ ಕೇಳಿದೆ. “ಫಸ್ಟ್ ಕ್ಲಾಸ್” ಅಂದರು. ಆಮೇಲೆ ನೆಂಟರನ್ನು ಹಿಂಭಾಗದ ತೋಪಿಗೆ ಕರೆದುಕೊಂಡು ಹೋದರು. ದೂರದಿಂದ ಅವರು ಕೈ ಎತ್ತಿ ಒಂದೊಂದೇ ಮರ ತೋರಿಸುತ್ತಿದ್ದದ್ದು ಕಾಣುತ್ತಿತ್ತು. ಉರ್ದುವಿನ ನಡುವೆ ಚಿಕ್ಕತಾಯಮ್ಮ ಎನ್ನುವ ಹೆಸರು ಎರಡು ಸಲ ಕೇಳಿಸಿತು.

ವರ್ಷಕ್ಕೆ ಒಂದೆರಡು ಸಲ ಹೀಗೆ ಬರುತ್ತಿದ್ದರು. ಪ್ರತಿ ಸಲವೂ ಬೇರೆ ಯಾರನ್ನಾದರೂ ಕರೆತರುತ್ತಿದ್ದರು. ಒಮ್ಮೆ ಲಾರಿ ಡ್ರೈವರುಗಳು, ಒಮ್ಮೆ ಕೇರಳದ ಹೋಟೆಲಿನವರು. ಪ್ರತಿ ಸಲವೂ “ಫಸ್ಟ್ ಕ್ಲಾಸ್”. ನಾನು ಅದನ್ನು ನಂಬಿದೆ. ನಂಬುವುದು ಸುಲಭವಾಗಿತ್ತು. ಆಮೇಲಾಮೇಲೆ ಬರುವುದು ಕಡಿಮೆಯಾಯಿತು, ಕಣ್ಣಿನ ಆಪರೇಷನ್ ಆಯಿತಂತೆ ಅಂತ ಮಾದಮ್ಮ ಹೇಳಿದಳು. ನೋಡಿಕೊಂಡು ಬರಬೇಕು ಅಂದುಕೊಂಡೆ. ಗುಂಡ್ಲುಪೇಟೆ ಏನು ಪರದೇಶವೇ? ಗಂಟೆಗೊಂದು ಬಸ್ಸು.

ನಿವೃತ್ತಿಗೆ ಮುಂಚೆ ಒಂದು ಕೆಲಸ ಮಾಡಿದೆ. ಹಳೇ ಗ್ರಾಮ ನಕ್ಷೆ ತೆಗೆಸಿ ನೋಡಿದೆ. ಆ ಜಾಗದಲ್ಲಿ ‘ಗುಂಡುತೋಪು’ ಅಂತ ಸ್ಪಷ್ಟವಾಗಿ ಇತ್ತು, ಬಾವಿಯ ಗುರುತೂ ಇತ್ತು. ಪಾಳು ಅಂತ ಎಲ್ಲೂ ಇರಲಿಲ್ಲ. ಅವಳ ಹೆಸರೂ ಇರಲಿಲ್ಲ. ಒಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ. ಉತ್ತರ ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಅಷ್ಟು ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು, ಬೇಗೂರಿನ ಮುದುಕರೂ ಹೋಗಿದ್ದರು. ದ್ವಾರದ ಕಲ್ಲು ಈಗಲೂ ಹಾಗೇ ಇದೆ. ನನ್ನ ವಾಕ್ಯ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಮಾದಮ್ಮನಿಂದ ಸುದ್ದಿ ಕೇಳಿದ ಮಾರನೆಯ ಬೆಳಿಗ್ಗೆ ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಮಂಡಿ ನೋಯುತ್ತಿತ್ತು. ಪೇಂಟರ್ ಸಾಹೇಬರ ಮನೆ ಅಂದರೆ ಸಾಕಾಯಿತು. ಒಬ್ಬ ಹಣ್ಣಿನ ವ್ಯಾಪಾರಿ ಗಲ್ಲಿಯ ತುದಿಯವರೆಗೆ ಬಂದು ತೋರಿಸಿ ಹೋದರು. ತಗ್ಗು ಛಾವಣಿಯ ಎರಡು ಕೋಣೆಯ ಮನೆ. ಅವರ ಹೆಂಡತಿ ಬಾಗಿಲಲ್ಲೇ ನನ್ನನ್ನು ಗುರುತು ಹಿಡಿದರು. ನಾನು ಅವರನ್ನು ಗುರುತು ಹಿಡಿಯಲಿಲ್ಲ. ಆ ಭಾನುವಾರದ ಗುಂಪಿನಲ್ಲಿ ಅವರೂ ಇದ್ದರಂತೆ.

“ಪಾರ್ಕ್ ಮೇಡಮ್ ಅಲ್ವಾ? ಬನ್ನಿ, ಒಳ್ಗೆ ಬನ್ನಿ” ಅಂದರು. ಕುರ್ಚಿ ಒರೆಸಿ ಹಾಕಿದರು. ಒಳಗೆ ಹೋಗಿ ಟೀ ಮಾಡಿ ತಂದರು. ಕಾಯಿಲೆಯ ವಿಷಯ ಹೇಳಿದರು. ಸಕ್ಕರೆ ಕಾಯಿಲೆ, ಆಮೇಲೆ ಕಿಡ್ನಿ, ಮೈಸೂರಿಗೆ ಓಡಾಟ. ಹೇಳಿ ಹೇಳಿ ಬೇಸತ್ತ ದನಿಯಲ್ಲಿ ಹೇಳಿದರು. ನಾನು, “ತುಂಬಾ ಒಳ್ಳೆಯವರು. ಯಾವಾಗ ಕಂಡರೂ ನಗ್ತಾ ನಗ್ತಾ ಇರ್ತಿದ್ರು” ಅಂದೆ.

ಆಕೆ ನನ್ನನ್ನೇ ನೋಡಿದರು.

“ಮೇಡಮ್, ಆ ಬೋರ್ಡ್ ತಕ್ಕೊಂಡ್ ಬಂದ್ರಲ್ಲ, ಆವತ್ತಿಂದ ಆರ್ ತಿಂಗ್ಳು ಅವ್ರು ಬ್ರಷ್ ಮುಟ್ಲಿಲ್ಲ. ನಿಮ್ಗೆ ಗೊತ್ತಾ?”

ಗೊತ್ತಿರಲಿಲ್ಲ.

“ಜನ ಬಂದು ಬಂದು ಕರೀತಿದ್ರು, ಲಾರಿಗ್ ನಂಬರ್ ಬರ್ಕೊಡಿ, ಅಂಗಡಿ ಬೋರ್ಡ್ ಬರ್ಕೊಡಿ ಅಂತ. ಕೈ ನಡುಗ್ತದೆ ಅಂತಿದ್ರು. ಕೈ ನಡುಗ್ತಿರ್ಲಿಲ್ಲ. ನಾನ್ ನೋಡಿಲ್ವಾ? ಟೀ ಕುಡೀವಾಗ ನಡುಗ್ತಿರ್ಲಿಲ್ಲ. ಏನಾಯ್ತು ಅಂದ್ರೆ, ಏನಿಲ್ಲ, ಮೇಡಮ್ಮೋರ್ ತಪ್ಪಿಲ್ಲ ಅಂತಿದ್ರು. ನಾನ್ ನಿಮ್ ಹೆಸ್ರೇ ಎತ್ತಿರ್ಲಿಲ್ಲ. ಅವ್ರಾಗೆ ಅಂತಿದ್ರು.”

ಈ ಊರಿಗೆ ಬರಲು ಹದಿನಾಲ್ಕು ವರ್ಷ ಹಿಡಿದ ಹೆಂಗಸಿನ ಬಾಯಲ್ಲಿ ಯಾವ ಮಾತು ಬಂದರೂ ಅದು ತಡವಾದ ಮಾತೇ. ಆದರೂ ಅಂದೆ, “ನಾನು ಆಫೀಸಿಗೆ ಮತ್ತೆ ಬರೀತೀನಿ. ಆ ಬೋರ್ಡು ಅಲ್ಲೇ ಹಾಕಿಸೋಕೆ ನೋಡ್ತೀನಿ.”

“ಆಫೀಸ್ ಬೇಡ ಬುಡಿ ಮೇಡಮ್” ಅಂದರು ಆಕೆ. “ನನ್ ಮಗ್ಳಿಗೆ ಹೇಳಿ. ಅವ್ಳು ಆವಾಗ ಹೈಸ್ಕೂಲು. ನಿಮ್ಮಪ್ಪ ಸುಳ್ಳು ಬರ್ದು ಕೆಲ್ಸ ಕಳ್ಕೊಂಡ್ರಂತೆ ಅಂತ ಯಾರೋ ಅಂದ್ಬುಟ್ರು ಅವ್ಳಿಗೆ. ಅಪ್ಪನ್ನ ಕೇಳಿದ್ಲು. ಇವ್ರು ಹೌದು ಅನ್ಲಿಲ್ಲ, ಇಲ್ಲಾನೂ ಅನ್ಲಿಲ್ಲ. ಇಲ್ಲ ಅಂದ್ರೆ ಯಾರ್ದೋ ಹೆಸ್ರು ಹೇಳ್ಬೇಕಾಗ್ತಿತ್ತೇನೋ. ಆಮೇಲೆ ಅವ್ಳು ಅಪ್ಪನ್ ಜೊತೆ ಆ ಪಾರ್ಕಿಗೆ ಒಂದಿನಾನೂ ಬರ್ಲಿಲ್ಲ.”

ಮಗಳು ಈಗ ಊರಿನ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರು. ನಾಲ್ಕೂವರೆಗೆ ಬರುತ್ತಾಳೆ ಅಂದರು. ಆಗ ಇನ್ನೂ ಹನ್ನೆರಡೂವರೆ. ಊಟ ಮಾಡಿ ಅಂದರು, ಮಾಡಿದೆ. ಮಲಗಿ ಅಂದರು, ಮಲಗಲಿಲ್ಲ. ಕಾದೆ. ಒಂದು ಹೊತ್ತಿನಲ್ಲಿ ಎದ್ದು ಹೋಗಿಬಿಡೋಣ, ಮಂಡಿನೋವು ಅಂದರೆ ಯಾರು ತಪ್ಪು ತಿಳಿಯುತ್ತಾರೆ ಅಂತ ಅನ್ನಿಸಿತು. ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ ಅಂತ ಕಣ್ಣಲ್ಲೇ ಹುಡುಕಿದೆ ಕೂಡ.

ಅವಳು ಬಂದಳು. ತಂದೆಯ ಹಾಗೇ ಎತ್ತರ. ಹೆಗಲ ಮೇಲೆ ಶಾಲೆಯ ಚೀಲ, ಬೆರಳುಗಳಲ್ಲಿ ಚಾಕ್‌ಪೀಸಿನ ಪುಡಿ. ತಾಯಿ ಇಬ್ಬರಿಗೂ ಟೀ ತಂದುಕೊಟ್ಟು, ಉರ್ದುವಿನಲ್ಲಿ ನಾನು ಯಾರು ಅಂತ ಹೇಳಿದರು. ಅವಳು ತಲೆ ಬಾಗಿಸಿ ಎದುರಿನ ಮಂಚದ ಮೇಲೆ ಕೂತಳು. ನಾನು ಹೇಳತೊಡಗಿದೆ. ಗಾಡಿಗಳು ನಿಲ್ಲುತ್ತಿದ್ದ ತೋಪು, ನೀರು ಸೇದಿದ ಹೆಂಗಸು, ಬೇಗೂರಿನ ಮುದುಕರು, ಪುಣಜನೂರಿನ ಮಾದಮ್ಮನ ಅತ್ತೆ. ನಿಮ್ಮ ತಂದೆ ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲಮ್ಮ, ಹರವೆಯ ನನ್ನ ಸ್ವಂತ ಸೋದರತ್ತೆ ಅದಕ್ಕೆ ಸಾಕ್ಷಿ ಅಂದೆ. ಅತ್ತೆ ಹೇಳಿದ್ದೆಲ್ಲವನ್ನೂ ಹೇಳಿದೆ, ನಮ್ಮ ತಾತ ಆ ನೀರು ಮುಟ್ಟುತ್ತಿರಲಿಲ್ಲ ಎನ್ನುವುದನ್ನೂ ಸೇರಿಸಿ. ಆಮೇಲೆ, “ದೊಡ್ಡ ಅಧಿಕಾರಿ ಬಂದರು, ದಾಖಲೆ ಕೇಳಿದರು, ದಾಖಲೆ ಇರಲಿಲ್ಲ, ತೆಗೆಸಿಬಿಟ್ಟರು” ಅಂತ ಮುಗಿಸಿದೆ.

ಅವಳು ಎಲ್ಲವನ್ನೂ ತಲೆ ತಗ್ಗಿಸಿಯೇ ಕೇಳಿದಳು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳ ಕಣ್ಣಲ್ಲಿ ನೀರು ಇರಲಿಲ್ಲ.

“ಆಫೀಸರ್ ಕೇಳ್ದಾಗ ನೀವೆಲ್ಲಿದ್ರಿ ಮೇಡಮ್?” ಅಂದಳು.

“ಅಲ್ಲೇ ಇದ್ದೆ.”

“ಏನಂದ್ರಿ?”

ಗಲ್ಲಿಯಲ್ಲಿ ಯಾರೋ ಸ್ಕೂಟರು ನಿಲ್ಲಿಸಿದರು. ತಾಯಿ ಒಮ್ಮೆ ಮಗಳ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಆಕೆಗೂ ಇದು ಗೊತ್ತಿರಲಿಲ್ಲ ಎನ್ನುವುದು ಆ ನೋಟದಲ್ಲಿ ತಿಳಿಯಿತು. ಸಾಹೇಬರು ಮನೆಯಲ್ಲೂ ಹೇಳಿರಲಿಲ್ಲ.

ನಾನು ಟೀಯ ಲೋಟ ಕೆಳಗಿಟ್ಟು, ಆವತ್ತು ಅಂದ ಮಾತನ್ನು ಒಂದಕ್ಷರ ಬಿಡದೆ ಅವಳಿಗೆ ಹೇಳಿದೆ.